ನೋಟಿಫಿಕೇಶನ್ ಆದ ಮೇಲೆ ಬಾಕಿ ಹಣ: ದಾವಣಗೆರೆ ಸೀಮೆಯ ಒಂದು ಹೊಲದ ಪ್ರಕರಣ

ದಾವಣಗೆರೆಗೆ ವಿಮಾನ ನಿಲ್ದಾಣ ಇನ್ನೂ ಬಂದಿಲ್ಲ. ಅದರ ಹೆಸರಿನಲ್ಲಿ ಬರೆಸಿಕೊಂಡ ಜಮೀನು ಮಾರಾಟದ ಕರಾರು ಪತ್ರಗಳು ಮಾತ್ರ ಕೆಲವು ಮನೆಗಳ ಟ್ರಂಕಿನಲ್ಲಿ ಆಗಲೇ ಭದ್ರವಾಗಿ ಕೂತಿವೆ. ಅಂಥದೊಂದು ಪತ್ರ ಒಂದು ಕುಟುಂಬವನ್ನು ಹೇಗೆ ಕಟ್ಟಿಹಾಕಿತು, ಅವರು ಅದರಿಂದ ಹೇಗೆ ಬಿಡಿಸಿಕೊಂಡರು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಪಂಚಾಯಿತಿ ಸದಸ್ಯರಿಗೆ, ಸೊಸೈಟಿ ಕಾರ್ಯದರ್ಶಿಗಳಿಗೆ ಜಮೀನು ದಾಖಲೆಗಳ ಬಗ್ಗೆ ತರಬೇತಿ ಕೊಡುವುದು ನನ್ನ ಕೆಲಸ. ತರಬೇತಿಗೆ ಬಂದವರಲ್ಲೊಬ್ಬರ ಮೂಲಕ ಈ ಪ್ರಕರಣ ನನ್ನ ಹತ್ತಿರ ಬಂತು.

ಊರು, ಹೆಸರು, ಸರ್ವೆ ನಂಬರು ಯಾವುದನ್ನೂ ಹೇಳುವುದಿಲ್ಲ. ಎಕರೆ, ಹಣದ ಲೆಕ್ಕವನ್ನು ಗುರುತು ಹತ್ತದಷ್ಟು ಬದಲಿಸಿದ್ದೇನೆ. ಮೂವರು ಒಡಹುಟ್ಟಿದವರು: ದೊಡ್ಡವನು ಅಣ್ಣ, ಚಿಕ್ಕವನು ತಮ್ಮ, ಅವರ ನಡುವೆ ಹುಟ್ಟಿ ಹರಪನಹಳ್ಳಿ ಕಡೆ ಕೊಟ್ಟ ಹೆಣ್ಣುಮಗಳನ್ನು ಅಕ್ಕ ಎಂದೇ ಕರೆಯುತ್ತೇನೆ. ಬರೆಯಲು ಮೂವರೂ ಒಪ್ಪಿದ್ದಾರೆ. ಅಣ್ಣನದು ಒಂದೇ ಷರತ್ತು: ತನ್ನನ್ನು ಪೆದ್ದ ಅನ್ನೋ ಹಂಗೆ ಬರೀಬಾರದು. ಅವರು ಪೆದ್ದರಾಗಿರಲಿಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಹೊಲ ಮತ್ತು ಮನೆ

ದಾವಣಗೆರೆಯಿಂದ ಪೂರ್ವಕ್ಕೆ ಸುಮಾರು ಒಂದು ಗಂಟೆ ದಾರಿ. ಭದ್ರಾ ಕಾಲುವೆಯ ಹಸಿರು ಅಲ್ಲಿಗೆ ಮುಟ್ಟುವುದಿಲ್ಲ. ಮಸಾರಿ ಭೂಮಿ, ಮುಂಗಾರಿಗೆ ಮೆಕ್ಕೆಜೋಳ, ಬೋರಿನಲ್ಲಿ ನೀರಿದ್ದವರಿಗೆ ಒಂದಿಷ್ಟು ಈರುಳ್ಳಿ, ಧೈರ್ಯ ಇದ್ದವರಿಗೆ ಅಡಿಕೆ. ಭದ್ರಾ ಮೇಲ್ದಂಡೆ ನೀರಿಗೆ ಕಾದು ಕಾದು ಪಳಗಿದ ಸೀಮೆ ಅದು. ಹಾಗಾಗಿ ಸರ್ಕಾರದ ಯೋಜನೆ ಅಂದರೆ ಅಲ್ಲಿನವರಿಗೆ ಹೊಸ ಬೆರಗೇನೂ ಇಲ್ಲ.

ಈ ಕುಟುಂಬದ್ದು 8 ಎಕರೆ 20 ಗುಂಟೆ. ಒಂದು ಬೋರು, ಎರಡಿಂಚು ನೀರು. ತಂದೆ ತೀರಿಕೊಂಡು ಎಂಟು ವರ್ಷವಾಗಿತ್ತು, ತಾಯಿ ಅದಕ್ಕೂ ಮುಂಚೆ ಹೋಗಿದ್ದರು. ಪಹಣಿಯಲ್ಲಿ ಮಾತ್ರ ಇನ್ನೂ ತಂದೆಯ ಹೆಸರೇ ನಡೆಯುತ್ತಿತ್ತು. ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಬೇಕು ಅಂತ ಪ್ರತಿ ಯುಗಾದಿಗೂ ಮಾತಾಡಿಕೊಂಡು, ಪ್ರತಿ ಯುಗಾದಿಗೂ ಬಿಟ್ಟಿದ್ದರು. ಅಣ್ಣ ಊರಲ್ಲೇ ಇದ್ದು ವ್ಯವಹಾರ ನೋಡುವವರು. ತಮ್ಮ ಡಿಪ್ಲೊಮಾ ಮುಗಿಸಿ ಕೆಲ ಕಾಲ ಹೊರಗೆ ದುಡಿದು, ಹೊಲಕ್ಕೆ ವಾಪಸು ಬಂದವರು. ಅವರು ಬೋರಿನ ಸುತ್ತ ಅಡಿಕೆ ಇಡಲು ಗುಂಡಿ ತೆಗೆಸಿ, ಚನ್ನಗಿರಿ ಕಡೆಯ ಒಂದು ನರ್ಸರಿಗೆ ಸಸಿಗೆಂದು ಅಡ್ವಾನ್ಸ್ ಕೊಟ್ಟಿದ್ದರು.

ಸುದ್ದಿ ಹೇಗೆ ಬಂತು

ಜಿಲ್ಲೆಗೆ ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆ ಹಳೆಯದು. 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲೆಯಾದ ದಾವಣಗೆರೆಗೆ ಬಟ್ಟೆ ವ್ಯಾಪಾರ ಇದೆ, ಎರಡು ಮೆಡಿಕಲ್ ಕಾಲೇಜು ಇವೆ, ಮೆಕ್ಕೆಜೋಳ, ಅಕ್ಕಿ, ಅಡಿಕೆಯ ದೊಡ್ಡ ವಹಿವಾಟು ಇದೆ. ಶಿವಮೊಗ್ಗಕ್ಕೆ ಬಂದದ್ದು ನಮಗೇಕಿಲ್ಲ ಎನ್ನುವುದು ಪೇಟೆಯಲ್ಲಿ ಸಹಜವಾಗಿ ಕೇಳುವ ಮಾತು. ಹಳ್ಳಿಯವರೂ ಇದನ್ನು ವಿರೋಧಿಸುತ್ತಿರಲಿಲ್ಲ. ಪುಣೆ, ಹೈದರಾಬಾದಿನಲ್ಲಿ ಮಕ್ಕಳಿರುವ ಮನೆಗಳು ಆ ಊರಲ್ಲೂ ಉಂಟು. ವಿಮಾನ ನಿಲ್ದಾಣ ಅಂದರೆ ಹುಡುಗರಿಗೆ ಸೆಕ್ಯುರಿಟಿ ಕೆಲಸ, ಟ್ಯಾಕ್ಸಿ, ರಸ್ತೆಬದಿ ಹೋಟೆಲ್ ಎಂದು ಲೆಕ್ಕ ಹಾಕುವವರೇ ಹೆಚ್ಚು.

ಆ ಬೇಸಿಗೆಯಲ್ಲಿ ಊರ ಮಗ್ಗುಲಲ್ಲಿ ಯಾರೋ ಸರ್ವೆ ಮೆಷಿನ್ ಇಟ್ಟುಕೊಂಡು ಅಳತೆ ಮಾಡಿದರು. ಯಾವ ಇಲಾಖೆಯವರು, ಯಾತಕ್ಕೆ ಎಂದು ಕೇಳಿದವರಿಗೆ ಸಿಕ್ಕಿದ್ದು ಒಬ್ಬೊಬ್ಬರಿಗೆ ಒಂದೊಂದು ಉತ್ತರ. ವಾರದೊಳಗೆ ವಾಟ್ಸಾಪಿನಲ್ಲಿ ಒಂದು ನಕ್ಷೆ ಓಡಾಡಿತು. ಗೂಗಲ್ ಮ್ಯಾಪಿನ ಚಿತ್ರದ ಮೇಲೆ ಕೆಂಪು ಗೆರೆ, ಗೆರೆಯ ಪಕ್ಕ ‘ರನ್‌ವೇ’ ಎಂದು ಬರಹ. ಮೊಹರಿಲ್ಲ, ಸಹಿಯಿಲ್ಲ, ಕಡತದ ಸಂಖ್ಯೆಯಿಲ್ಲ. ಆದರೂ ಜನ ಅದನ್ನು ದೊಡ್ಡದು ಮಾಡಿ ನೋಡಿ, ತಮ್ಮ ಹೊಲ ಗೆರೆಯೊಳಗೋ ಹೊರಗೋ ಎಂದು ಲೆಕ್ಕ ಹಾಕಿದರು. ಈ ಕುಟುಂಬದ ಹೊಲ ಗೆರೆಯ ಅಂಚಿಗೆ ಬಿದ್ದಿತ್ತು.

ನಕ್ಷೆಯ ಹಿಂದೆಯೇ ದಲ್ಲಾಳಿಗಳು ಬಂದರು. ಹೊರಗಿನವರು ಕೃಷಿ ಜಮೀನು ಕೊಳ್ಳಲು ಇದ್ದ ಅಡ್ಡಿಯನ್ನು 2020ರ ಭೂಸುಧಾರಣಾ ತಿದ್ದುಪಡಿ ತೆಗೆದುಹಾಕಿದ್ದರಿಂದ ‘ಬೆಂಗಳೂರು ಪಾರ್ಟಿ’ ಎನ್ನುವ ಮಾತಿಗೆ ಈಗ ಬೆಲೆ ಇತ್ತು. ಎಕರೆಗೆ 12 ಲಕ್ಷದ ಆಸುಪಾಸಿದ್ದ ಹೊಲಕ್ಕೆ ಬಾಯಿಮಾತಿನಲ್ಲಿ 28 ಲಕ್ಷ ಬಂತು. ಅಣ್ಣ 6 ಲಕ್ಷ ಮುಂಗಡ ತೆಗೆದುಕೊಂಡು, ಇಡೀ 8 ಎಕರೆ 20 ಗುಂಟೆಗೆ ಕರಾರು ಮಾಡಿಕೊಟ್ಟರು. ಸಹಿ ಅವರೊಬ್ಬರದೇ. ತಮ್ಮನಿಗೆ ಸಂಜೆ ಹೇಳಿದರು, ಅಕ್ಕನಿಗೆ ಹೇಳಲೇ ಇಲ್ಲ.

ಅವರನ್ನು ದೂರುವ ಮುಂಚೆ ಅವರ ಲೆಕ್ಕ ಕೇಳಬೇಕು. “ಮೆಕ್ಕೆಜೋಳ ಬೆಳ್ದು ಬೆಳ್ದು ಏನ್ ಕಟ್ಟೀವ್ರಿ? ಗೊಬ್ಬರದಂಗಡಿ ಸಾಲ ತೀರೋದ್ರಾಗ ಮತ್ತೊಂದು ಮುಂಗಾರು ಬರ್ತೈತಿ. ಸರ್ಕಾರದೋರು ಬಂದು ಕಡಿಮಿಗೆ ಕಿತ್ಗೊಳ್ಳೋದ್ಕಿಂತ ಮುಂಚೇನ ಕೊಟ್ಟು ಕೈ ತೊಳ್ಕೊಳ್ಳಾದು ಚಲೋ ಅನಿಸ್ತು.” ಭೂಸ್ವಾಧೀನದ ಭಯ ಮತ್ತು ಬೆಲೆಯ ಆಸೆ ಎರಡೂ ಒಟ್ಟಿಗೆ ಕೆಲಸ ಮಾಡಿದ್ದವು. ದಲ್ಲಾಳಿ ಬಳಸಿಕೊಂಡದ್ದು ಇದನ್ನೇ. ಬೆಳಿಗ್ಗೆ ಬಂದು “ಹೋಗೇಬಿಡ್ತೈತಿ” ಎನ್ನುವುದು, ಸಂಜೆ ಬಂದು “ನಮ್ಮ ಪಾರ್ಟಿ ಉಳಿಸ್ಕೊಡ್ತಾರೆ” ಎನ್ನುವುದು.

ಪತ್ರದ ಒಳಗೆ ಏನಿತ್ತು

ಪತ್ರ ಮೂರು ಪುಟದ್ದು. ಮೊದಲೆರಡು ಪುಟದಲ್ಲಿ ಚಕ್ಕುಬಂದಿ (ಹೊಲದ ನಾಲ್ಕು ಗಡಿಗಳ ವಿವರ), ವಂಶಾವಳಿ, ಎಂದಿನ ಮಾತು. ಮೂರನೆಯ ಪುಟದಲ್ಲಿದ್ದ ಮೂರು ಸಾಲೇ ಇಡೀ ಪ್ರಕರಣ. ಹೆಸರು ತೆಗೆದು ಹಾಗೆಯೇ ಕೊಡುತ್ತೇನೆ (ಎರಡನೇ ಪಾರ್ಟಿ ಎಂದರೆ ಕೊಳ್ಳುವವರು):

“ಬಾಕಿ ಹಣವನ್ನು ಸದರಿ ಜಮೀನಿನ ಭೂಸ್ವಾಧೀನದ ಅಂತಿಮ ಅಧಿಸೂಚನೆ ಹೊರಬಿದ್ದ 60 ದಿನಗಳೊಳಗೆ ಪಾವತಿಸತಕ್ಕದ್ದು. ಸರ್ಕಾರದಿಂದ ಬರುವ ಪರಿಹಾರ, ನಿವೇಶನ, ಉದ್ಯೋಗ ಇತ್ಯಾದಿ ಸಕಲ ಹಕ್ಕುಗಳು ಎರಡನೇ ಪಾರ್ಟಿಯವರಿಗೇ ಸೇರತಕ್ಕದ್ದು. ಎರಡನೇ ಪಾರ್ಟಿಯವರ ಒಪ್ಪಿಗೆಯಿಲ್ಲದೆ ಜಮೀನಿನಲ್ಲಿ ಬಹುವಾರ್ಷಿಕ ಬೆಳೆ ಇಡತಕ್ಕದ್ದಲ್ಲ.”

ಮೂರನೆಯ ಸಾಲು ತಮ್ಮನ ಅಡಿಕೆಯನ್ನು ನಿಲ್ಲಿಸಿತು. ಎರಡನೆಯದು ಪರಿಹಾರವನ್ನು ಬರೆದುಕೊಂಡಿತು. ಮೊದಲನೆಯದು ಎಲ್ಲಕ್ಕಿಂತ ಜಾಣತನದ್ದು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟ ದಿನದಿಂದಲೇ ಆ ಜಮೀನಿನ ವ್ಯವಹಾರಕ್ಕೆ ತಡೆ ಬೀಳುತ್ತದೆ. ಅಂತಿಮ ಅಧಿಸೂಚನೆ ಎನ್ನುವುದು ಅದಕ್ಕೂ ಎಷ್ಟೋ ತಿಂಗಳ ನಂತರದ ಮಾತು. ಅಂದರೆ, ಬಾಕಿ ಹಣ ಕೊಡಬೇಕಾದ ಗಳಿಗೆ ಬರುವಷ್ಟರಲ್ಲಿ ಕ್ರಯಪತ್ರ ಮಾಡಿಸುವ ದಾರಿಯೇ ಮುಚ್ಚಿರುತ್ತದೆ. ಆಗ ಪಾರ್ಟಿ ಕರಾರು ತೋರಿಸಿ ಪರಿಹಾರದಲ್ಲಿ ಪಾಲು ಕೇಳುತ್ತದೆ, ಪರಿಹಾರದ ಹಣದಿಂದಲೇ ರೈತನಿಗೆ ಬಾಕಿ ಕೊಡುತ್ತದೆ. ಯೋಜನೆ ಬಾರದೇ ಹೋದರೆ ಪಾರ್ಟಿಗೆ ಸಿಕ್ಕಿಬೀಳುವುದು 6 ಲಕ್ಷ, ರೈತನಿಗೆ ಸಿಕ್ಕಿಬೀಳುವುದು ಎಂಟೂವರೆ ಎಕರೆ.

ಇನ್ನೂ ಒಂದು ಗಂಟು ಇತ್ತು. ಕರಾರಿನಂತೆ ನಡೆಸಿಕೊಡಿ ಎಂದು ದಾವೆ ಹೂಡಲು ಕಾಲಮಿತಿ ಕಾಯ್ದೆಯಲ್ಲಿ 3 ವರ್ಷ ಇದೆ. ಪತ್ರದಲ್ಲಿ ತಾರೀಕು ಇದ್ದರೆ ಆ ತಾರೀಕಿನಿಂದ ಲೆಕ್ಕ. ತಾರೀಕು ಇಲ್ಲದಿದ್ದರೆ, ಒಬ್ಬರು ‘ಆಗುವುದಿಲ್ಲ’ ಎಂದದ್ದು ಇನ್ನೊಬ್ಬರಿಗೆ ಗೊತ್ತಾದ ದಿನದಿಂದ. ಯಾರೂ ಆಗುವುದಿಲ್ಲ ಎನ್ನದೆ ಸುಮ್ಮನಿದ್ದರೆ ಗಡಿಯಾರ ಓಡುವುದೇ ಇಲ್ಲ. ಕಾಗದ ಹಳೆಯದಾಗುತ್ತದೆ, ಸಾಯುವುದಿಲ್ಲ. ಹಳ್ಳಿಯಲ್ಲಿ “ಮೂರು ವರ್ಷ ಆದ್ರೆ ಕರಾರು ತಂತಾನೇ ಬಿದ್ದೋಗ್ತೈತಿ” ಎಂದು ನಂಬಿ ಕೂರುವವರನ್ನು ನಾನು ಬಹಳ ನೋಡಿದ್ದೇನೆ.

ಅಕ್ಕ ಕೇಳಿದ ಪ್ರಶ್ನೆ

ಅಕ್ಕನಿಗೆ ವಿಷಯ ತಿಳಿದದ್ದು ಯಾರದೋ ಮದುವೆಯಲ್ಲಿ. ಮರುದಿನವೇ ತವರಿಗೆ ಬಂದರು. ಜಗಳಕ್ಕೆ ಬಂದಿದ್ದಾಳೆಂದು ಅಣ್ಣ ಅಂದುಕೊಂಡರು, ಅರ್ಧ ಅದೂ ನಿಜ. ದಲ್ಲಾಳಿಯನ್ನೂ ಕರೆಸಿದರು. ಜಗಲಿಯ ಮೇಲೆ ಕೂತು, ಪಂಚಾಯಿತಿ ಸದಸ್ಯರೊಬ್ಬರಿಂದ ಪತ್ರವನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದಿಸಿದರು. ಅಲ್ಲಿಯತನಕ ಆ ಮನೆಯಲ್ಲಿ ಅದನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲ.

“ಬಾಕಿ ದುಡ್ಡು ಯಾವ ತಾರೀಕಿಗೆ ಅಂತ ಐತಿ?” ಅಕ್ಕ ಕೇಳಿದರು.

“ನೋಟಿಫಿಕೇಶನ್ ಆದ್ಮ್ಯಾಲೆ ಎಲ್ಲಾ ಕ್ಲಿಯರ್ ಆಗ್ತೈತಿ ತಾಯಿ.”

“ಅದು ಆಗ್ಲೇ ಇಲ್ಲ ಅಂದ್ರ?”

ದಲ್ಲಾಳಿ ನಕ್ಕು, “ಆಗೇ ಆಗ್ತೈತಿ, ಅಷ್ಟು ಅನುಮಾನ ಇಟ್ಕೊಬಾರ್ದು” ಎಂದ.

“ಅನುಮಾನ ಇಲ್ಲ ಅಂದ್ರ ನಿಮ್ ಪಾರ್ಟಿ ತಾರೀಕು ಹಾಕ್ಲಿ. ದೀಪಾವಳಿ ಅನ್ಲಿ, ಮುಂದಿನ ಯುಗಾದಿ ಅನ್ಲಿ. ನೋಟಿಫಿಕೇಶನ್ ಆಗ್ಲಿ ಬಿಡ್ಲಿ, ಅವತ್ತು ದುಡ್ಡು ಕೊಟ್ಟು ರಿಜಿಸ್ಟ್ರಿ ಮಾಡಿಸ್ಕೊಳ್ಲಿ. ನಾನೂ ಬಂದು ಸಹಿ ಹಾಕ್ತೀನಿ.”

ಈ ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ಎಣಿಕೆ. ಅಕ್ಕ ಮಾರಾಟ ಬೇಡ ಎನ್ನಲಿಲ್ಲ, ಪಾಲಿನ ತಕರಾರನ್ನೂ ಮೊದಲು ಎತ್ತಲಿಲ್ಲ. ಹಾಗೆ ಮಾಡಿದ್ದರೆ ಅಣ್ಣ ತಂಗಿ ಜಗಳವಾಗಿ, ದಲ್ಲಾಳಿ ಅಣ್ಣನ ಪಕ್ಕ ನಿಂತು ಬಲವಾಗುತ್ತಿದ್ದ. ಅವರು ಕೇಳಿದ್ದು ತಾರೀಕನ್ನು. ಕೊಳ್ಳುವ ಮನಸ್ಸಿದ್ದವರಿಗೆ ತಾರೀಕು ಕಷ್ಟವೇ ಅಲ್ಲ. ಹತ್ತು ದಿನ ಬಿಟ್ಟು ಉತ್ತರ ಬಂತು: ಪಾರ್ಟಿ ಒಪ್ಪುವುದಿಲ್ಲ. ಅಣ್ಣನ ಮನಸ್ಸು ಕದಲಿದ್ದು ಆಗಲೇ.

ನಡೆಸಿದ ಪ್ರಯತ್ನಗಳು

ಅವರು ನನ್ನಲ್ಲಿಗೆ ಬಂದದ್ದು ಇಷ್ಟಾದ ಮೇಲೆ. ಮೊದಲು ಪಹಣಿ ತೆಗೆಸಿ ಕಾಲಂ 11 ನೋಡಿದೆವು. ಇತರ ಹಕ್ಕು ಮತ್ತು ಋಣ ಬರುವ ಜಾಗ ಅದು, ಸ್ವಾಧೀನದ ಅಧಿಸೂಚನೆ ಆಗಿದ್ದರೆ ಸಾಮಾನ್ಯವಾಗಿ ಅಲ್ಲಿ ನಮೂದು ಕಾಣುತ್ತದೆ. ಸೊಸೈಟಿ ಸಾಲದ ನಮೂದು ಬಿಟ್ಟರೆ ಏನೂ ಇರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿದಾಗ ಕರಾರು ನೋಂದಣಿಯೇ ಆಗಿಲ್ಲ ಎಂಬುದೂ ಗೊತ್ತಾಯಿತು.

ಆಮೇಲೆ ಮಾಹಿತಿ ಹಕ್ಕಿನಡಿ ಅರ್ಜಿ. ‘ವಿಮಾನ ನಿಲ್ದಾಣ ಬರುತ್ತದೆಯೇ’ ಎಂದು ಕೇಳಿದರೆ ಯಾವ ಕಚೇರಿಯೂ ಉತ್ತರ ಕೊಡಬೇಕಾಗಿಲ್ಲ. ಹಾಗಾಗಿ ಇಂಥ ಸರ್ವೆ ನಂಬರಿಗೆ ಸಂಬಂಧಿಸಿ ಭೂಸ್ವಾಧೀನದ ಯಾವುದಾದರೂ ಅಧಿಸೂಚನೆ ಹೊರಟಿದೆಯೇ, ಹೊರಟಿದ್ದರೆ ಪ್ರತಿ ಕೊಡಿ ಎಂದು ಕೇಳಿದೆವು. ಕರ್ನಾಟಕದಲ್ಲಿ ಇಂಥ ಜಮೀನು ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕವೂ ಹೋಗಬಹುದಾದ್ದರಿಂದ 1966ರ ಕೆಐಎಡಿಬಿ ಕಾಯ್ದೆಯಲ್ಲಿ ಸ್ವಾಧೀನಕ್ಕೆ ಸಂಬಂಧಿಸಿದ ಕಲಂ 28ರ ಹೆಸರನ್ನೂ ಸೇರಿಸಿದೆವು. ಉತ್ತರ ಚಿಕ್ಕದಾಗಿತ್ತು: ಪ್ರಸ್ತಾವ ಪರಿಶೀಲನೆಯಲ್ಲಿದೆ, ಸದರಿ ಸರ್ವೆ ನಂಬರಿಗೆ ಯಾವ ಅಧಿಸೂಚನೆಯೂ ಹೊರಟಿಲ್ಲ.

ಜೊತೆಗೇ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿದೆವು. ಅಕ್ಕನ ಹೆಸರು ಸೇರಿಸಲು ಅಣ್ಣನಿಗೆ ಮೊದಲು ಇರಿಸುಮುರಿಸಾಯಿತು. ಕರಾರಿಗೆ ಅವರೊಬ್ಬರೇ ಸಹಿ ಹಾಕಿರುವುದರಿಂದ ಅದು ಕಟ್ಟುವುದಾದರೂ ಅವರ ಪಾಲನ್ನು ಮಾತ್ರ, ಮೂವರ ಹೆಸರು ಪಹಣಿಗೆ ಬಂದಷ್ಟೂ ಪಾರ್ಟಿಯ ಹಿಡಿತ ಸಡಿಲ ಎಂದು ವಕೀಲರು ಹೇಳಿದ ಮೇಲೆ ತಾವೇ ಮುಂದಾಗಿ ಓಡಾಡಿದರು. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ನಾನು ತರಬೇತಿಯಲ್ಲಿ ಗಂಟೆಗಟ್ಟಲೆ ಮಾತಾಡಿದರೂ ಆಗದ ಕೆಲಸ ಈ ಒಂದು ಲೆಕ್ಕದಲ್ಲಿ ಆಯಿತು.

ಸೋಗಾನೆಗೆ ಹೋಗಿ ಬಂದದ್ದು

ಕಾಗದದ ಕೆಲಸ ನಡೆಯುತ್ತಿದ್ದರೂ ಮನೆಯಲ್ಲಿ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಅಣ್ಣ ಕೇಳುತ್ತಿದ್ದರು, “ನಾವು ದುಡ್ಡು ವಾಪಸು ಕೊಟ್ಟ ಮರುದಿನಾನೇ ನೋಟಿಫಿಕೇಶನ್ ಬಂದ್ರೆ?” ಭದ್ರಾವತಿಯ ಮದುವೆಗೆಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋದವರು, ಬರುವಾಗ ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಗೆ ಹೊರಳಿಸಿದರು. ನಾನೂ ಅದೇ ಮದುವೆಯಲ್ಲಿದ್ದೆ.

ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಹೊರಗಿನಿಂದಲೇ ಕಮಲದಾಕಾರದ ಕಟ್ಟಡ ನೋಡಿದ್ದಾಯಿತು, ಹೆಂಗಸರು ಫೋಟೊ ತೆಗೆಸಿಕೊಂಡದ್ದಾಯಿತು. ಎರಡು ರೆಕ್ಕೆಗೆ ಎರಡು ಫ್ಯಾನು ತಿರುಗುವ ಚಿಕ್ಕ ವಿಮಾನವೊಂದು ಇಳಿಯಿತು. “ಇದ್ಯೇನು, ನಮ್ ರಾಜಹಂಸ ಬಸ್ಸಿನಷ್ಟೈತಿ” ಎಂದರು ಒಬ್ಬ ಹಿರಿಯರು. ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ಅದು. ಹೊರಬಂದವರಲ್ಲಿ ಹೆಚ್ಚಿನವರು ಕಾರು ಹತ್ತಿದರು. ತಮ್ಮ ಒಬ್ಬ ಟ್ಯಾಕ್ಸಿಯವನ ಜತೆ ಮಾತಿಗೆ ನಿಂತ. ವಿಮಾನದ ಹೊತ್ತಿಗೆ ಬಂದು, ಉಳಿದ ಹೊತ್ತು ಪೇಟೆಯಲ್ಲಿ ಬಾಡಿಗೆ ಹೊಡೆಯುತ್ತೇನೆ ಎಂದನಂತೆ ಆತ. ಚಹಾ ಕುಡಿಯಲು ದೂರ ಹೋಗಬೇಕಾಯಿತು ಎನ್ನುವುದೇ ನಮ್ಮ ಹಿರಿಯರ ದೊಡ್ಡ ದೂರು.

ದಾರಿಯಲ್ಲಿ ನಾನು ಹೇಳಿದ್ದು ಇಷ್ಟು. ಶಿವಮೊಗ್ಗದ ನಿಲ್ದಾಣದ ಕೆಲಸ ಮೊದಲು ಶುರುವಾದದ್ದು 2008ರಲ್ಲಿ. ನಡುವೆ ನಿಂತು, 2020ರಲ್ಲಿ ಮತ್ತೆ ಶುರುವಾಗಿ, ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಮೊದಲ ಪ್ರಯಾಣಿಕ ವಿಮಾನ ಇಳಿದದ್ದು ಅದೇ ವರ್ಷದ ಆಗಸ್ಟ್ 31ಕ್ಕೆ. ಕಲಬುರಗಿಯದೂ 2008ರಲ್ಲೇ ಅಡಿಗಲ್ಲು, ಉದ್ಘಾಟನೆ 2019ರ ನವೆಂಬರ್ 22ರಂದು. ಎರಡೂ ಕಡೆ ಹತ್ತು ವರ್ಷ ದಾಟಿದೆ. ಅಡಿಕೆ ಸಸಿ ಇಟ್ಟರೆ ಐದಾರು ವರ್ಷಕ್ಕೆ ಫಸಲು ಹಿಡಿಯುತ್ತದೆ. ಆ ಲೆಕ್ಕದಲ್ಲಿ ವಿಮಾನಕ್ಕಿಂತ ಮುಂಚೆ ಅಡಿಕೆ ಬರುವ ಸಂಭವವೇ ಹೆಚ್ಚು.

ದಾವಣಗೆರೆಗೆ ಇನ್ನೊಂದು ತೊಡಕಿದೆ. ಕೇಂದ್ರದ 2008ರ ಹೊಸ ವಿಮಾನ ನಿಲ್ದಾಣ ನೀತಿಯಂತೆ, ಈಗಿರುವ ನಿಲ್ದಾಣದಿಂದ ವಾಯುಮಾರ್ಗದಲ್ಲಿ 150 ಕಿ.ಮೀ. ಒಳಗೆ ಇನ್ನೊಂದಕ್ಕೆ ಸಾಮಾನ್ಯವಾಗಿ ಅನುಮತಿ ಇಲ್ಲ. ಕೇಳಿದರೆ, ಹಳೆಯದಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ನೋಡಿ ತೀರ್ಮಾನಿಸುತ್ತಾರೆ. ದಾವಣಗೆರೆಯಿಂದ ಶಿವಮೊಗ್ಗ ನಿಲ್ದಾಣ ನೇರ ಗೆರೆ ಎಳೆದರೆ 75 ಕಿ.ಮೀ. ಆಸುಪಾಸು. ಹುಬ್ಬಳ್ಳಿಯೂ, ತೋರಣಗಲ್ಲಿನ ಬಳಿಯ ವಿದ್ಯಾನಗರವೂ 150ರ ಒಳಗೇ ಬೀಳುತ್ತವೆ. ಜತೆಗೆ 2023ರ ಜೂನ್‌ನಿಂದ ಓಡುತ್ತಿರುವ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಬೆಂಗಳೂರಿನಿಂದ ದಾವಣಗೆರೆಗೆ ಮೂರೂವರೆ ಗಂಟೆ ಹೊತ್ತಿಗೆ ತಂದಿಳಿಸುತ್ತದೆ. ದೇವನಹಳ್ಳಿಗೆ ಮುಂಚೆ ಹೋಗಿ ಕಾಯುವ ಹೊತ್ತು ಸೇರಿಸಿದರೆ ಬೆಂಗಳೂರಿನ ಮಟ್ಟಿಗೆ ವಿಮಾನದಿಂದ ಉಳಿಯುವ ಸಮಯ ಬಹಳವೇನೂ ಇಲ್ಲ. ಹೈದರಾಬಾದ್, ಮುಂಬೈ ಕಡೆಗಾದರೆ ಮಾತು ಬೇರೆ.

ನಿಲ್ದಾಣ ಕಟ್ಟುವುದು ಒಂದು, ವಿಮಾನ ಓಡುವುದು ಇನ್ನೊಂದು. ಉಡಾನ್ ಯೋಜನೆಯಲ್ಲಿ ಸಣ್ಣ ಊರುಗಳ ಮಾರ್ಗಕ್ಕೆ ಮೂರು ವರ್ಷ ಸರ್ಕಾರ ನಷ್ಟ ತುಂಬಿಕೊಡುತ್ತದೆ. ಮಹಾಲೇಖಪಾಲರು (ಸಿಎಜಿ) 2023ರಲ್ಲಿ ಕೊಟ್ಟ ವರದಿಯಂತೆ, ಮೊದಲ ಮೂರು ಸುತ್ತಿನಲ್ಲಿ ಕೊಟ್ಟ 774 ಮಾರ್ಗಗಳಲ್ಲಿ ಹಾರಾಟ ಶುರುವಾದದ್ದು 371ರಲ್ಲಿ. ಆ ನೆರವಿನ ಅವಧಿ ಮುಗಿದ ಮೇಲೂ ನಡೆಯುತ್ತಿದ್ದವು 54. ದಾವಣಗೆರೆಗೆ ನಿಲ್ದಾಣ ಬೇಡ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಬಂದರೆ ಆಸ್ಪತ್ರೆಗಳಿಗೆ, ವ್ಯಾಪಾರಕ್ಕೆ ಅನುಕೂಲವೇ. ಒಂದು ಮನೆಯವರು ತಮ್ಮ ಹೊಲದ ಲೆಕ್ಕ ಹಾಕುವಾಗ ಯಾವ ಸಂಗತಿ ಕೈಯಲ್ಲಿರಬೇಕು ಎನ್ನುವುದಷ್ಟೇ ನನ್ನ ಮಾತು.

ಟ್ರಾವೆಲರ್‌ನ ಹಿಂದಿನ ಸೀಟಿನಲ್ಲಿ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಹೊನ್ನಾಳಿ ದಾಟಿದ ಮೇಲೆ ತಮ್ಮನಿಗೆ, “ನರ್ಸರಿಯವ್ನು ಸಸಿ ಇಟ್ಕಂಡಿರ್ತಾನೇನೋ ಕೇಳು” ಎಂದರು.

ಮುಂಗಡ ವಾಪಸು ಕೊಟ್ಟ ಬಗೆ

ವಕೀಲರ ಮೂಲಕ ಮೂವರ ಹೆಸರಿನಲ್ಲೂ ನೋಟಿಸು ಹೋಯಿತು. 60 ದಿನದೊಳಗೆ ಬಾಕಿ ಹಣ ಪೂರ್ತಿ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳಿ, ಆಗದಿದ್ದರೆ ಮುಂಗಡ ವಾಪಸು ಪಡೆದು ಕರಾರು ರದ್ದು ಮಾಡಿಕೊಡಿ, ಎರಡೂ ಮಾಡದಿದ್ದರೆ ಕರಾರಿನಂತೆ ನಡೆಯಲು ನಾವು ಬದ್ಧರಲ್ಲ. ಕೊನೆಯ ಸಾಲಿನಿಂದ ನಿಂತಿದ್ದ ಗಡಿಯಾರಕ್ಕೆ ಕೀಲಿ ಕೊಟ್ಟಂತಾಯಿತು. ಮೊದಲು ಸ್ಟೇ ತರುತ್ತೇವೆ ಎಂಬ ಬೆದರಿಕೆ ಬಂತು. ಆಮೇಲೆ ಎಕರೆಗೆ ಇನ್ನೂ ಎರಡು ಲಕ್ಷ ಜಾಸ್ತಿ ಎಂಬ ಆಸೆ ಬಂತು, ತಾರೀಕು ಮಾತ್ರ ಆಗಲೂ ಬರಲಿಲ್ಲ.

ಮುಂಗಡದಲ್ಲಿ 4 ಲಕ್ಷ ಮನೆಯ ಸ್ಲ್ಯಾಬಿಗೂ ಮಗನ ಬೈಕಿಗೂ ಹೋಗಿಬಿಟ್ಟಿತ್ತು. ಕರಾರು ರದ್ದಿನ ಮಾತು ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಇಲ್ಲೇ. ಖರ್ಚಾದ ಮುಂಗಡ ರೈತನ ಬಾಯಿ ಕಟ್ಟುತ್ತದೆ ಎಂದು ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು. ಉಳಿದಿದ್ದ 2 ಲಕ್ಷದ ಜತೆಗೆ ಅಕ್ಕ ಬಂಗಾರ ಅಡವಿಟ್ಟು 2 ಲಕ್ಷ ತಂದರು. ಮೆಕ್ಕೆಜೋಳ ಮಾರಿದ ಹಣ ಮತ್ತು ತಮ್ಮ ಎತ್ತಿದ ಚೀಟಿ ಸೇರಿ ಉಳಿದದ್ದು ಕೂಡಿತು. ಎರಡು ಕಂತಿನಲ್ಲಿ ಬ್ಯಾಂಕ್ ಮೂಲಕವೇ ಕೊಟ್ಟು, ಎರಡನೇ ಕಂತಿನ ದಿನ ಮೂಲ ಪತ್ರ ವಾಪಸು ಪಡೆದು ರದ್ದತಿ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಪಾರ್ಟಿ ಬಡ್ಡಿ ಕೇಳಲಿಲ್ಲ. ದಲ್ಲಾಳಿ ತನ್ನ ಕಮಿಷನ್ ಕೇಳಿ ಕೆಲ ದಿನ ಓಡಾಡಿ ಬಿಟ್ಟ.

ಇಡೀ ಹೊಲಕ್ಕೆ ಅಡಿಕೆ ಇಡಲಿಲ್ಲ. ಎರಡಿಂಚು ನೀರಿಗೆ ಎರಡು ಎಕರೆ ಸಾಕು ಎಂದು ತಮ್ಮನೇ ತೀರ್ಮಾನಿಸಿ, ಬೋರಿನ ಪಕ್ಕ ಇಟ್ಟು ಡ್ರಿಪ್ ಎಳೆದರು. ಉಳಿದದ್ದಕ್ಕೆ ಮೆಕ್ಕೆಜೋಳ. ನಾಳೆ ನಿಜವಾಗಿ ಸ್ವಾಧೀನ ಬಂದರೂ ಮರಗಳ ಬೆಲೆಯನ್ನು ಬೇರೆಯಾಗಿ ಕಟ್ಟುತ್ತಾರೆ. ‘ಹೆಂಗೂ ಹೋಗೋ ಹೊಲ’ ಎಂದು ಬೀಳು ಬಿಡುವುದರಲ್ಲಿ ಲಾಭವಿಲ್ಲ.

ಅದೇ ಊರಿನ ಇನ್ನೊಂದು ಮನೆ

ನೆರೆಯ ಒಬ್ಬರು ಎರಡು ಎಕರೆಯನ್ನು ಪೂರ್ತಿ ಹಣ ಪಡೆದು ಮಾರಿಯೇಬಿಟ್ಟರು. ಒಳ್ಳೆಯ ಬೆಲೆ, ಒಳ್ಳೆಯ ವ್ಯವಹಾರ, ಅವರ ಮಟ್ಟಿಗೆ. ಆದರೆ ಕ್ರಯಪತ್ರದಲ್ಲಿ ಬರೆದದ್ದು ಮಾರ್ಗಸೂಚಿ ಬೆಲೆಯಷ್ಟೇ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ), ಉಳಿದದ್ದು ಕೈಯಿಂದ ಕೈಗೆ. ಮುದ್ರಾಂಕ ಶುಲ್ಕ ಉಳಿಸಲು ಎಲ್ಲ ಕಡೆ ನಡೆಯುವ ಪದ್ಧತಿ. ಇದರ ಹೊರೆ ಬೀಳುವುದು ಮಾರದೇ ಉಳಿದವರ ಮೇಲೆ. 2013ರ ಕಾಯ್ದೆಯಂತೆ ಪರಿಹಾರಕ್ಕೆ ಮಾರುಕಟ್ಟೆ ಬೆಲೆ ಕಟ್ಟುವಾಗ ಹಿಂದಿನ 3 ವರ್ಷಗಳಲ್ಲಿ ಅಕ್ಕಪಕ್ಕ ನೋಂದಣಿಯಾದ ಕ್ರಯಪತ್ರಗಳನ್ನು ತೆಗೆದು, ಅವುಗಳಲ್ಲಿ ಹೆಚ್ಚಿನ ಬೆಲೆ ಇರುವ ಅರ್ಧದಷ್ಟು ಪತ್ರಗಳ ಸರಾಸರಿ ಹಾಕುತ್ತಾರೆ. ಅದು ಮಾರ್ಗಸೂಚಿ ಬೆಲೆಗಿಂತ ಹೆಚ್ಚಿದ್ದರೆ ಅದೇ ನಿಲ್ಲುತ್ತದೆ. ಹಳ್ಳಿಯ ಜಮೀನಿಗೆ ಅದನ್ನು 1ರಿಂದ 2ರ ತನಕದ ಗುಣಕದಿಂದ ಹೆಚ್ಚಿಸಿ, ಅದರ ಮೇಲೆ ಶೇ 100 ಸೋಲೇಶಿಯಂ, ಅಂದರೆ ಅಷ್ಟೇ ಮೊತ್ತದ ಹೆಚ್ಚುವರಿ ಪರಿಹಾರ ಕೊಡುತ್ತಾರೆ. ಸರಾಸರಿಯಲ್ಲಿ ಒಂದು ಲಕ್ಷ ಇಳಿದರೆ ಪರಿಹಾರದಲ್ಲಿ ಎರಡರಿಂದ ನಾಲ್ಕು ಲಕ್ಷ ಇಳಿದಂತೆ. ಕೆಐಎಡಿಬಿ ಮೂಲಕ ಮಾತುಕತೆಯ ದರ ನಿಗದಿಯಾದರೂ ಮೇಜಿನ ಮೇಲೆ ಬರುವುದು ಇವೇ ಪತ್ರಗಳು.

ವಿಮಾನ ನಿಲ್ದಾಣದ ಪರ, ವಿರುದ್ಧ ಎಂದು ಊರು ಎಷ್ಟೋ ಸಲ ಗುಡಿ ಕಟ್ಟೆಯ ಮೇಲೆ ಸೇರಿದೆ, ನೋಂದಣಿ ಬೆಲೆಯ ವಿಷಯಕ್ಕೆ ಒಮ್ಮೆಯೂ ಸೇರಿರಲಿಲ್ಲ. ಈ ಕುಟುಂಬದ ಪ್ರಕರಣದ ಮೇಲೆ ಪಂಚಾಯಿತಿ ಸದಸ್ಯರು ಗ್ರಾಮಸಭೆಯಲ್ಲಿ ಅದನ್ನು ಎತ್ತಿದರು. ಕರಾರು ಮಾಡುವವರು ತಾರೀಕು ಹಾಕಿಸಬೇಕು, ಪರಿಹಾರದ ಹಕ್ಕು ಬರೆದುಕೊಡಬಾರದು, ಸಹಿಗೆ ಮುಂಚೆ ಮನೆಯ ಹೆಣ್ಣುಮಕ್ಕಳೂ ಇರುವಾಗ ಪತ್ರ ಓದಿಸಬೇಕು ಎಂಬ ಮಾತು ಬಂದು ಠರಾವಾಯಿತು. ಠರಾವಿಗೆ ಕಾನೂನಿನ ಬಲವೇನೂ ಇಲ್ಲ. ಆದರೂ ಆಮೇಲೆ ಮೂರು ಮನೆಯವರು ತಮ್ಮ ಹಳೆಯ ಪತ್ರ ಹಿಡಿದುಕೊಂಡು ಬಂದರು. ಅವುಗಳಲ್ಲಿ ಎರಡರಲ್ಲಿ ಅದೇ ಮೂರು ಸಾಲು, ಅದೇ ಟೈಪಿಂಗ್ ತಪ್ಪಿನ ಸಮೇತ.

ಸಂಘಟನೆಯಾಗಿ ನಿಂತ ಊರುಗಳ ಉದಾಹರಣೆ ಕೊಡುವಾಗ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯನ್ನು ಎಲ್ಲರೂ ಹೆಸರಿಸುತ್ತಾರೆ. ಅಲ್ಲಿ ಏರೋಸ್ಪೇಸ್ ಪಾರ್ಕಿಗೆಂದು ಗುರುತಿಸಿದ್ದ 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟಿತು. ನಮ್ಮ ಪ್ರಕರಣಕ್ಕೆ ಅದು ಪೂರ್ತಿ ಹೊಂದುವುದಿಲ್ಲ. ಅಲ್ಲಿ ಎದುರಿಗೆ ಅಧಿಸೂಚನೆ ಇತ್ತು, ಸರ್ಕಾರ ಇತ್ತು, ಎದುರಿಸಿ ನಿಲ್ಲಲು ಒಂದು ಗುರಿ ಇತ್ತು. ಇಲ್ಲಿ ಇದ್ದದ್ದು ಒಂದು ಸುದ್ದಿ ಮತ್ತು ಅದರ ಸುತ್ತ ಓಡಾಡುವ ಖಾಸಗಿ ಕಾಗದ. ಅದಕ್ಕೆ ಧರಣಿ ಕೂರಲು ಬರುವುದಿಲ್ಲ. ಒಂದೊಂದೇ ಪತ್ರವನ್ನು ಬಿಡಿಸಬೇಕು.

ಈಗಿನ ಸ್ಥಿತಿ

ಅಣ್ಣನಿಗೆ ಈ ತೀರ್ಮಾನ ಪೂರ್ತಿ ಒಪ್ಪಿಗೆಯಾಗಿದೆ ಎಂದು ಬರೆದರೆ ಸುಳ್ಳಾದೀತು. ಎಕರೆಗೆ 28 ಲಕ್ಷ ಮತ್ತೆ ಬರುತ್ತದೋ ಇಲ್ಲವೋ ಎಂಬ ಹಳಹಳಿ ಅವರಿಗಿದೆ. ನಾಳೆ ಅಧಿಸೂಚನೆ ಬಂದು, ಪರಿಹಾರ ಅದಕ್ಕಿಂತ ಕಡಿಮೆಯಾದರೆ ಅವರ ಮಾತೇ ಗೆದ್ದಂತಾಗುತ್ತದೆ, ಅದನ್ನು ಅಲ್ಲಗಳೆಯಲು ನನ್ನಿಂದ ಆಗುವುದಿಲ್ಲ. ಅಕ್ಕನ ಬಂಗಾರದಲ್ಲಿ ಅರ್ಧ ಬಿಡಿಸಿದ್ದಾರೆ. ಪಹಣಿಯಲ್ಲಿ ಈಗ ಮೂರು ಹೆಸರಿವೆ, ಆದರೆ ಪೋಡಿ (ಅಳತೆ ಮಾಡಿ ಪಾಲುಗಳನ್ನು ಬೇರೆ ಮಾಡುವುದು) ಆಗಿಲ್ಲ. ಅಡಿಕೆ ಇಟ್ಟ ಎರಡು ಎಕರೆ ಯಾರ ಪಾಲಿಗೆ ಎಂಬ ಮಾತು ಇನ್ನೂ ಹರಿಯಬೇಕಿದೆ. ಅಳತೆಗೆ ಅರ್ಜಿ ಕೊಟ್ಟಿದ್ದಾರೆ, ಸರ್ವೆಯರ್ ಬರುವ ತನಕ ಬೋರಿನ ಕರೆಂಟ್ ಬಿಲ್ಲನ್ನು ಮೂವರೂ ಸಮನಾಗಿ ಕಟ್ಟುವುದೆಂದು ಸದ್ಯಕ್ಕೆ ಮಾತಾಡಿಕೊಂಡಿದ್ದಾರೆ.